ಲೆಯೊಪಾರ್ದಿಯ ಹದಿನೈದು ಸಾಲು ಮತ್ತು ಪಿಯಾನೊ: ಗಾಯಕಿ ಉಸಿರೆಳೆದುಕೊಳ್ಳುವುದು ಎಲ್ಲಿ?

ಮಂದ್ರ (ಚರ್ಚೆಯನ್ನು ಆರಂಭಿಸಿದವರು)

ಇಟಲಿಯ ಕವಿ ಜಾಕೊಮೊ ಲೆಯೊಪಾರ್ದಿ 1819ರಲ್ಲಿ ಬರೆದ ‘ಲಿನ್ಫಿನೀತೊ’ (ಅನಂತ) ಎಂಬ ಕವಿತೆಗೆ ಒಂಟಿ ಕಂಠ ಮತ್ತು ಪಿಯಾನೊಗಾಗಿ ಸಂಗೀತ ಬರೆಯಲು ನಾಲ್ಕು ತಿಂಗಳಿಂದ ಹೆಣಗುತ್ತಿದ್ದೇನೆ. ಕವಿತೆಯಲ್ಲಿ ನಡೆಯುವುದು ಬಹಳ ಕಡಿಮೆ. ರೆಕನಾತಿ ಊರಿನ ಒಂದು ಒಂಟಿ ಗುಡ್ಡ, ದಿಗಂತವನ್ನು ಮರೆಮಾಡುವ ಒಂದು ಬೇಲಿ, ಆ ಬೇಲಿಯಾಚೆ ಕವಿ ತನ್ನ ಮನಸ್ಸಿನಲ್ಲೇ ಕಟ್ಟಿಕೊಳ್ಳುವ ಕೊನೆಯಿಲ್ಲದ ಬಯಲು ಮತ್ತು ಮೌನ. ಅಷ್ಟರಲ್ಲಿ ಗಿಡಗಳ ನಡುವೆ ಸದ್ದು ಮಾಡುವ ಗಾಳಿ, ಸತ್ತುಹೋದ ಋತುಗಳ ನೆನಪು, ಕಡೆಗೆ ಈ ಕಡಲಿನಲ್ಲಿ ಮುಳುಗುವುದೇ ನನಗೆ ಹಿತವೆಂಬ ಮಾತು. ಪ್ರಾಸವಿಲ್ಲದ, ಹನ್ನೊಂದು ಅಕ್ಷರಗಳ ಹದಿನೈದು ಸಾಲುಗಳು.

ಮೊದಲ ಕರಡನ್ನು ನನ್ನ ಗೆಳತಿಯೊಬ್ಬರು ಹಾಡಿ ನೋಡಿದರು. ಅವರದು ಮೆಟ್ಸೊ ಸೊಪ್ರಾನೊ, ಅಂದರೆ ಮಧ್ಯಮ ಎತ್ತರದ ಹೆಣ್ಣು ಕಂಠ. ಎಂಟನೆಯ ಸಾಲಿನ ಹೊತ್ತಿಗೆ ನಿಲ್ಲಿಸಿ, “ಇಲ್ಲಿ ನಾನು ಉಸಿರೆಳೆದುಕೊಂಡರೆ ಕವಿತೆ ಹರಿದು ತುಂಡಾಗುತ್ತದೆ, ಎಳೆದುಕೊಳ್ಳದಿದ್ದರೆ ನಾನು ಹರಿದುಹೋಗುತ್ತೇನೆ” ಎಂದರು. ಆ ಸಾಲು ಹೀಗಿದೆ: ‘ಇಲ್ ಕೋರ್ ನೊನ್ ಸಿ ಸ್ಪಾಊರಾ. ಎ ಕೋಮೆ ಇಲ್ ವೆಂತೊ’. ಅರ್ಥ, “ಹೃದಯ ಬೆದರುವುದೊಂದು ತಪ್ಪುತ್ತದೆ. ಮತ್ತು ಗಾಳಿಯನ್ನು ಹೇಗೆ…” ಸಾಲಿನ ನಟ್ಟನಡುವೆ ಪೂರ್ಣವಿರಾಮವಿದೆ. ಅಲ್ಲಿ ನಾನು ಪಿಯಾನೊಗೆ ಎರಡು ಬಾರ್ (ತಾಳದ ಆವರ್ತದಂಥ ಅಳತೆ) ಬಿಟ್ಟುಕೊಟ್ಟಿದ್ದೆ. ಆದರೆ ಛಂದಸ್ಸಿನ ಪ್ರಕಾರ ವಿರಾಮದ ಹಿಂದಿನ ‘ರಾ’ ಮತ್ತು ಮುಂದಿನ ‘ಎ’ ಸೇರಿ ಒಂದೇ ಅಕ್ಷರ. ಬಿಡಿಸಿದರೆ ಸಾಲಿಗೆ ಹನ್ನೆರಡು ಅಕ್ಷರಗಳಾಗುತ್ತವೆ. ಇಂಥ ಕಡೆ ಸಂಯೋಜಕರು ಯಾರ ಮಾತು ಕೇಳಬೇಕು, ವಾಕ್ಯದ್ದೋ ಸಾಲಿನದೋ?

ಹಳೆಪುಟ

ಮಂದ್ರ ಅವರೇ, ಪ್ರಶ್ನೆ ಚೆನ್ನಾಗಿದೆ, ಆದರೆ ತಾವು ಬೆಟ್ಟದ ತುದಿಯಿಂದ ಹತ್ತಲು ಆರಂಭಿಸಿದ್ದೀರಿ ಎಂದು ನನಗೆ ತೋರುತ್ತದೆ. ಇಟಾಲಿಯನ್ ಭಾಷೆಯಲ್ಲಿ ಹಾಡಿಗೆಂದೇ ಬರೆದ ಕಾವ್ಯದ ಒಂದು ದೊಡ್ಡ ಪರಂಪರೆಯೇ ಇದೆ. ಅದರ ಮೇರುವ್ಯಕ್ತಿ ಹದಿನೆಂಟನೆಯ ಶತಮಾನದ ಮೆತಾಸ್ತಾಸಿಯೊ. ಅವನ ಸಾಲುಗಳು ಗಿಡ್ಡ, ಪ್ರಾಸ ಖಚಿತ, ವಾಕ್ಯ ಬಹುತೇಕ ಸಾಲಿನ ಜೊತೆಗೇ ಮುಗಿಯುತ್ತದೆ, ಚರಣದ ಕೊನೆಯ ಸಾಲು ಸಾಮಾನ್ಯವಾಗಿ ಒತ್ತುಳ್ಳ ಅಕ್ಷರದ ಮೇಲೆ ನಿಲ್ಲುತ್ತದೆ. ಸಂಗೀತ ಎಲ್ಲಿ ನಿಲ್ಲಬೇಕೆಂಬುದನ್ನು ಕವಿಯೇ ತೀರ್ಮಾನಿಸಿಟ್ಟಿರುತ್ತಾನೆ. ಹಾಗೆಂದು ಅದು ಸಂಯೋಜಕನ ಕೈ ಕಟ್ಟುವುದಿಲ್ಲ. ಬೇತೊವನ್‌ನ ಓಪಸ್ (ಕೃತಿಸಂಖ್ಯೆ) 82ರಲ್ಲಿ ‘ಕೆ ಫಾ ಇಲ್ ಮಿಯೊ ಬೇನೆ’ ಎಂಬ ಮೆತಾಸ್ತಾಸಿಯೊನ ಪದ್ಯ ಎರಡು ಬಾರಿ ಬರುತ್ತದೆ, ಪಕ್ಕಪಕ್ಕದಲ್ಲೇ. ನನ್ನ ನಲ್ಲ ಏನು ಮಾಡುತ್ತಿದ್ದಾನೆ, ಏಕೆ ಬರಲಿಲ್ಲ ಎಂದು ಕಾಯುವವಳ ಮಾತು ಅದು. ಮೊದಲನೆಯದು ಹಾಸ್ಯದ ಧಾಟಿ, ಎರಡನೆಯದು ಅತಿ ಗಂಭೀರ. ಪದಗಳು ಅವೇ. ಒಂದರಲ್ಲಿ ಅವಳ ಅಸಹನೆ ಕಾಲು ಕುಟ್ಟುತ್ತದೆ, ಇನ್ನೊಂದರಲ್ಲಿ ಅದೇ ಅಸಹನೆ ಕೊರಗಾಗುತ್ತದೆ.

ಒಪೆರಾ ಸಂಯೋಜಕ ರೊಸ್ಸೀನಿಯಂತೂ ಮೆತಾಸ್ತಾಸಿಯೊನ ‘ಮಿ ಲಾಞೆರೊ ತಚೆಂದೊ’ ಎಂಬ ಪದ್ಯವನ್ನು ಜೀವನದುದ್ದಕ್ಕೂ ಮತ್ತೆ ಮತ್ತೆ ಬಳಸಿದ. ಮೌನವಾಗಿಯೇ ನನ್ನ ದುರ್ವಿಧಿಗೆ ಮರುಗುತ್ತೇನೆ ಎಂಬುದು ಅದರ ಅರ್ಥ; ಮೌನದ ಆ ಮಾತನ್ನು ಅಷ್ಟು ಸಲ ಹಾಡಿಸಿದ್ದರಲ್ಲಿ ಅವನ ತುಂಟತನವೂ ಇರಬೇಕು. 1857ರಲ್ಲಿ ಹೆಂಡತಿ ಒಲಿಂಪ್‌ಗೆ ಉಡುಗೊರೆಯಾಗಿ ಕೊಟ್ಟ ಗುಚ್ಛದಲ್ಲಿ ಇದೊಂದೇ ಪದ್ಯಕ್ಕೆ ಆರು ಬೇರೆ ಬೇರೆ ಸಂಯೋಜನೆಗಳಿವೆ, ಮುಂದೆ ಒಂದು ಪಿಯಾನೊ ಪೀಠಿಕೆಯೂ ಇದೆ. ಕಾಗದದ ಮೇಲೆ ತೆಳ್ಳಗೆ ಕಾಣುವ ಪದ್ಯ ಸಂಗೀತಕ್ಕೆ ಎಷ್ಟು ಜಾಗ ಬಿಟ್ಟುಕೊಡುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಇನ್ನೊಂದು ಹೋಲಿಕೆಯನ್ನೂ ನೋಡಿ. ಯಾಕೊಪೊ ವಿತ್ತೊರೆಲ್ಲಿ ಎಂಬ ಕವಿಯ, ನನ್ನ ಬೂದಿಯಿರುವ ಕಲಶದ ಹತ್ತಿರ ಬರಬೇಡ ಎಂದು ಸತ್ತವನೊಬ್ಬ ಹೇಳುವ ಪದ್ಯಕ್ಕೆ 1820ರಲ್ಲಿ ಶೂಬರ್ಟ್ ಸಂಗೀತ ಕೊಟ್ಟ. 1838ರಲ್ಲಿ ಪ್ರಕಟವಾದ ತನ್ನ ಆರು ರೊಮಾಂಜಾಗಳಲ್ಲಿ (ಪಡಸಾಲೆಯ ಭಾವಗೀತೆಗಳಲ್ಲಿ), ಮುಂದೆ ಒಪೆರಾ ಸಂಯೋಜಕನೆಂದು ಹೆಸರಾಗಲಿದ್ದ ವೆರ್ದಿಯೂ ಅದನ್ನೇ ಎತ್ತಿಕೊಂಡ. ಎರಡರ ಸ್ವರಲಿಪಿಯೂ ಸುಲಭವಾಗಿ ಸಿಗುತ್ತದೆ. ವೆರ್ದಿಯದರಲ್ಲಿ ಮುಂದೆ ಬರಲಿರುವ ರಂಗಭೂಮಿ ಈಗಲೇ ಇಣುಕುತ್ತದೆ. ಇವುಗಳ ಮೇಲೆ ಕೈ ಪಳಗಿಸಿಕೊಂಡು ಆಮೇಲೆ ಲೆಯೊಪಾರ್ದಿಗೆ ಬನ್ನಿ ಎಂಬುದು ನನ್ನ ಸಲಹೆ.

ಕಡೆಯ ಸಾಲು

ಆಮೇಲೂ ಬರುವುದು ಬೇಡ ಎಂದು ನಾನು ಹೇಳುತ್ತೇನೆ. ಮೆತಾಸ್ತಾಸಿಯೊನ ಪದ್ಯಕ್ಕೆ ಸಂಗೀತ ಬೇಕು, ಅದಿಲ್ಲದೆ ಅದು ಅರ್ಧ ಮನೆ. ‘ಲಿನ್ಫಿನೀತೊ’ಗೆ ಏನು ಬೇಕು? ಮೌನದ ಬಗ್ಗೆ ಬರೆದ ಕವಿತೆಗೆ ಪಿಯಾನೊ ಸೇರಿಸುವುದೆಂದರೆ ಕವಿ ಖಾಲಿ ಬಿಟ್ಟ ಜಾಗದಲ್ಲೇ ಕುರ್ಚಿ ಮೇಜು ಹಾಕಿದಂತೆ. ಓದುವಾಗ ಅದರ ಗತಿಯನ್ನು ನಾನು ನಿರ್ಧರಿಸುತ್ತೇನೆ. ಹಾಡಾದಾಗ ಅದನ್ನು ನನ್ನಿಂದ ಕಸಿದುಕೊಳ್ಳಲಾಗುತ್ತದೆ.

ಒತ್ತಕ್ಷರ

ಕಡೆಯ ಸಾಲು ಅವರ ಆಕ್ಷೇಪಣೆಯನ್ನು ತಳ್ಳಿಹಾಕಲಾರೆ, ಆದರೆ ಹಾಡುವವಳಾಗಿ ನನಗೆ ಮೊದಲು ಕಾಣುವುದು ಭಾಷೆಯ ಕೆಲಸ, ಹಾಗಾಗಿ ಅಲ್ಲಿಂದ ಆರಂಭಿಸುತ್ತೇನೆ.

ಇಟಾಲಿಯನ್ ಪದಗಳು ಹೆಚ್ಚಾಗಿ ಸ್ವರದಲ್ಲಿ (ಅ, ಇ, ಒ ಮುಂತಾದ ಸ್ವರಾಕ್ಷರದಲ್ಲಿ) ಕೊನೆಗೊಳ್ಳುತ್ತವೆ, ಆದ್ದರಿಂದ ಹಾಡಲು ಸುಲಭ ಎಂಬ ಮಾತನ್ನು ಎಲ್ಲರೂ ಹೇಳುತ್ತಾರೆ. ಸುಲಭವಾಗುವುದು ಕಂಠಕ್ಕೆ, ಸಂಯೋಜಕರಿಗೆ ಕಷ್ಟ ಹುಟ್ಟುವುದೂ ಅಲ್ಲಿಯೇ. ಸ್ವರದಲ್ಲಿ ಮುಗಿದ ಪದದ ಮುಂದೆ ಸ್ವರದಿಂದ ಆರಂಭವಾಗುವ ಪದ ಬಂದರೆ ಎರಡೂ ಒಂದೇ ಅಕ್ಷರವಾಗಿ ಎಣಿಕೆಗೆ ಸಿಗುತ್ತವೆ. ಇದನ್ನು ಸಿನಾಲೆಫೆ ಎನ್ನುತ್ತಾರೆ. ನಮ್ಮ ಲೋಪಸಂಧಿಯೆಂದು ಇದನ್ನು ತಿಳಿದುಕೊಂಡರೆ ಮೋಸಹೋಗುತ್ತೇವೆ. ‘ಊರು’ ಮತ್ತು ‘ಅಲ್ಲಿ’ ಸೇರಿ ‘ಊರಲ್ಲಿ’ ಆದಾಗ ಉಕಾರ ಬಿದ್ದೇ ಹೋಗುತ್ತದೆ. ಸಿನಾಲೆಫೆಯಲ್ಲಿ ಯಾವ ಸ್ವರವೂ ಬೀಳುವುದಿಲ್ಲ, ಎರಡೂ ಕೇಳಿಸಬೇಕು, ಆದರೆ ಒಂದೇ ನೋಟ್‌ನ ಒಳಗೆ. ಮಂದ್ರ ಅವರ ಕವಿತೆಯ ಮೂರನೆಯ ಸಾಲನ್ನೇ ನೋಡಿ: ‘ದೆಲ್ಲುಲ್ತಿಮೊ ಒರಿದ್ಜೊಂತೆ ಇಲ್ ಗ್ವಾರ್ದೊ ಎಸ್ಕ್ಲೂದೆ’. ಪದಗಳನ್ನು ಬಿಡಿಬಿಡಿಯಾಗಿ ಎಣಿಸಿದರೆ ಹದಿನಾಲ್ಕು ಅಕ್ಷರ. ಮೂರು ಕಡೆ ಸ್ವರಗಳು ಬೆಸೆದುಕೊಂಡು ಹನ್ನೊಂದಾಗುತ್ತವೆ. ಹದಿಮೂರನೆಯ ಸಾಲಿನ ‘ವೀವಾ, ಎ ಇಲ್’ ಎಂಬಲ್ಲಿ ಮೂರು ಸ್ವರಗಳು ಒಂದೇ ನೋಟ್‌ಗೆ ಬೀಳುತ್ತವೆ. ಆ ನೋಟ್ ತೀರ ಚಿಕ್ಕದಾಗಿದ್ದರೆ ಕೇಳುಗರಿಗೆ ಬರೀ ಕಲಸುಮೇಲೋಗರ.

ಇದಕ್ಕೆ ವಿರುದ್ಧವಾದ ಬಲೆಯೊಂದು ಆರನೆಯ ಸಾಲಿನಲ್ಲಿದೆ. ‘ಕ್ವಿಯೇತೆ’, ಅಂದರೆ ಶಾಂತಿ, ಮಾತಿನಲ್ಲಿ ಎರಡೇ ಅಕ್ಷರ. ಇಲ್ಲಿ ಸಾಲು ತುಂಬಬೇಕಾದರೆ ಅದು ‘ಕ್ವಿ-ಎ-ತೆ’ ಎಂದು ಮೂರಾಗಿ ಬಿಡಿಸಿಕೊಳ್ಳಬೇಕು. ಶಾಂತಿ ಎಂಬ ಪದವನ್ನೇ ಕವಿ ಹಿಗ್ಗಿಸಿದ್ದಾನೆ; ಸಂಯೋಜಕರು ಅದಕ್ಕೆ ಎರಡೇ ನೋಟ್ ಕೊಟ್ಟರೆ ಆ ಹಿಗ್ಗು ಸತ್ತುಹೋಗುತ್ತದೆ.

ಹನ್ನೊಂದು ಅಕ್ಷರದ ಸಾಲಿನಲ್ಲಿ ಗುರುಲಘುಗಳ ಲೆಕ್ಕವಿಲ್ಲ. ಇರುವುದು ಒತ್ತಿನ ಲೆಕ್ಕ. ಹತ್ತನೆಯ ಅಕ್ಷರದ ಮೇಲೆ ಒತ್ತು ಬೀಳಲೇಬೇಕು, ಉಳಿದ ಒತ್ತುಗಳು ಸಾಲಿನಿಂದ ಸಾಲಿಗೆ ಜಾಗ ಬದಲಿಸುತ್ತವೆ. ಹಾಗಾಗಿ ಹದಿನೈದು ಸಾಲಿಗೂ ಒಂದೇ ಲಯದ ಅಚ್ಚು ಹಾಕಿದರೆ ಎರಡನೆಯ ಸಾಲಿನಲ್ಲೇ ಒತ್ತು ತಪ್ಪಾದ ಜಾಗದಲ್ಲಿ ಬೀಳಲು ಶುರುವಾಗುತ್ತದೆ. ಇನ್ನು ದ್ವಿತ್ವಗಳು. ‘ಸೊವ್ವಿಯೆನ್’ ಎಂಬ ಪದದ ‘ವ್ವ’ ನಮ್ಮ ‘ಅವ್ವ’ದಲ್ಲಿರುವಷ್ಟೇ ಗಟ್ಟಿ, ಇದು ಕನ್ನಡದವರಿಗೆ ಹುಟ್ಟಿನಿಂದ ಬಂದ ಭಾಗ್ಯ, ಬೇರೆ ಹಲವು ಭಾಷೆಗಳ ಗಾಯಕರು ಇದಕ್ಕಾಗಿ ವರ್ಷಗಟ್ಟಲೆ ತಿಣುಕುತ್ತಾರೆ. ಆದರೆ ದ್ವಿತ್ವದ ಹಿಂದಿನ ಸ್ವರವನ್ನು ಉದ್ದವಾಗಿ ಎಳೆಯುವ ಹಾಗೆ ಬರೆದರೆ ಆ ಗಟ್ಟಿತನ ಎಲ್ಲಿ ಉಳಿಯುತ್ತದೆ?

ಮಂದ್ರ ಅವರನ್ನು ಒಂದು ಮಾತು ಕೇಳಬೇಕು. ತಮ್ಮ ಕರಡಿನಲ್ಲಿ ಅತ್ಯಂತ ಎತ್ತರದ ನೋಟ್ ಯಾವ ಪದದ ಮೇಲಿದೆ?

ಮಂದ್ರ

‘ಇನ್ಫಿನೀತೊ ಸಿಲೆನ್ತ್ಸಿಯೊ’ ಎಂಬಲ್ಲಿ, ‘ನೀ’ ಮೇಲೆ, ಮೇಲಿನ ಸಪ್ತಕದ ‘ಮಿ’ (ಪಾಶ್ಚಾತ್ಯ ಸ್ವರಲಿಪಿಯ E). ಅನಂತ ಎಂಬ ಪದಕ್ಕೆ ಶಿಖರ ಕೊಡದೆ ಇನ್ಯಾವುದಕ್ಕೆ ಕೊಡಲಿ ಎಂದುಕೊಂಡೆ.

ಒತ್ತಕ್ಷರ

ಹಾಗೇ ಇರಬಹುದೆಂದು ಊಹಿಸಿದ್ದೆ. ‘ಇ’ ಸ್ವರದ ಗುರುತಾದ, ಬಾಯಿಯ ಆಕಾರದಿಂದ ಹುಟ್ಟುವ ಮೊದಲ ಅನುರಣನ ಸುಮಾರು 300 ಹರ್ಟ್ಸ್ ಹತ್ತಿರ ಇರುತ್ತದೆ. ತಾವು ಬರೆದ ‘ಮಿ’ಯ ಕಂಪನ ಸುಮಾರು 659 ಹರ್ಟ್ಸ್. ಅಷ್ಟು ಎತ್ತರದಲ್ಲಿ ಗಾಯಕಿ ಬಾಯಿ ತೆರೆಯಲೇಬೇಕು, ತೆರೆದ ಕೂಡಲೇ ‘ಇ’ ತನ್ನ ಗುರುತು ಕಳೆದುಕೊಳ್ಳುತ್ತದೆ. ‘ಇನ್ಫಿನೀತೊ’ ಎಂಬ ಪದದ ನಾಲ್ಕು ಅಕ್ಷರಗಳಲ್ಲಿ ಮೂರು ಇಕಾರಗಳೇ ಇವೆ. ಅದು ಒಳಮುಖವಾದ ಪದ, ಕೆಳಗೆ, ಮೆಲ್ಲಗೆ ಹಾಡಿಸಿದರೆ ಅರಳುತ್ತದೆ. ತೆರೆದ ಆಕಾರಗಳು ಬೇಕೆಂದರೆ ಕವಿ ಅವನ್ನು ಕೊನೆಗೆ ಇಟ್ಟಿದ್ದಾನೆ: ‘ಇಮ್ಮೆನ್ಸಿತಾ’, ‘ನೌಫ್ರಗಾರ್’, ‘ಮಾರೆ’.

ಕಪ್ಪುನಾಲ್ಕು

ನಾನು ಪಿಯಾನೊದ ಕಡೆಯಿಂದ ಮಾತಾಡುತ್ತೇನೆ, ಇಲ್ಲಿಯವರೆಗೆ ಅದನ್ನು ಯಾರೂ ಮಾತಾಡಿಸಿಲ್ಲ. (ಹಾಡಿನ ಕಛೇರಿಗಳಲ್ಲಿಯೂ ಇದು ಹೊಸ ಅನುಭವವೇನಲ್ಲ.)

ಕವಿತೆಯನ್ನು ಹಾಡಾಗಿಸುವಾಗ ಪಿಯಾನೊ ಎಷ್ಟು ಮಾತಾಡಬೇಕೆಂಬ ಪ್ರಶ್ನೆಗೆ ಲಿಸ್ಟ್ ತನ್ನ ಜೀವನದಲ್ಲಿ ಎರಡು ಉತ್ತರ ಕೊಟ್ಟ. 1830ರ ದಶಕದ ಕೊನೆಯಲ್ಲಿ ಸಂಗಾತಿ ಮಾರಿ ದಗೂಲ್ ಜೊತೆ ಇಟಲಿಯಲ್ಲಿ ತಿರುಗಾಡಿದ ಮೇಲೆ ಹದಿನಾಲ್ಕನೆಯ ಶತಮಾನದ ಕವಿ ಪೆತ್ರಾರ್ಕನ ಮೂರು ಸುನೀತಗಳಿಗೆ ಸಂಗೀತ ಬರೆದ. 1846ರಲ್ಲಿ ಅಚ್ಚಾದ ಆ ರೂಪ ಟೆನರ್, ಅಂದರೆ ಎತ್ತರದ ಗಂಡು ಕಂಠಕ್ಕೆ. ಕಂಠ ಒಪೆರಾದ ಹಾಗೆ ಏರುತ್ತದೆ, ಪಿಯಾನೊ ವಾದ್ಯವೃಂದದ ಹಾಗೆ ಮೊರೆಯುತ್ತದೆ. ದಶಕಗಳ ನಂತರ ಅವನೇ ಅವನ್ನು ತಗ್ಗಿನ ಕಂಠಕ್ಕೆ ಹೊಸದಾಗಿ ಬರೆದು 1883ರಲ್ಲಿ ಪ್ರಕಟಿಸಿದ. ಅಲಂಕಾರ ಬಹುತೇಕ ಉದುರಿದೆ, ಪದ ಮುಂದೆ ಬಂದಿದೆ. ‘ಶಾಂತಿ ಸಿಗದು, ಯುದ್ಧ ಮಾಡಲು ಶಸ್ತ್ರವೂ ಇಲ್ಲ, ಹೆದರುತ್ತೇನೆ, ಆಸೆಪಡುತ್ತೇನೆ, ಉರಿಯುತ್ತೇನೆ, ಮಂಜುಗಡ್ಡೆಯಾಗಿದ್ದೇನೆ’ ಎಂಬ ಸುನೀತವನ್ನು ಎರಡೂ ರೂಪಗಳಲ್ಲಿ ನುಡಿಸಿದ್ದೇನೆ. ಮೊದಲನೆಯದರಲ್ಲಿ ಉರಿ ಸಿಗುತ್ತದೆ, ಮಂಜು ಸಿಗುವುದು ಎರಡನೆಯದರಲ್ಲಿ. ಸ್ವರಲಿಪಿ ಹುಡುಕುವವರಿಗೆ ಒಂದು ಸೂಚನೆ: ಇವುಗಳ ಒಂಟಿ ಪಿಯಾನೊ ರೂಪಗಳಿಗೆ 47, 104, 123 ಎಂಬ ಸಂಖ್ಯೆಗಳಿವೆ, ಪೆತ್ರಾರ್ಕನ ಇಂದಿನ ಮುದ್ರಣಗಳಲ್ಲಿ ಅದೇ ಪದ್ಯಗಳು 61, 134, 156. ಎಷ್ಟೋ ಜನ ತಪ್ಪು ಪದ್ಯವನ್ನು ಓದಿಕೊಂಡು ವೇದಿಕೆಗೆ ಬರುತ್ತಾರೆ.

ಆದರೆ ಮಂದ್ರ ಅವರ ಸಂಕಟಕ್ಕೆ ಹತ್ತಿರದ ಕೃತಿ ಬೇರೆ ಇದೆ. ಇಲ್ದೆಬ್ರಾಂದೊ ಪಿತ್ಸೆತ್ತಿ 1908ರಲ್ಲಿ ಬರೆದ ‘ಇ ಪಾಸ್ತೋರಿ’. ಕವಿತೆ ಗಾಬ್ರಿಯೆಲೆ ದನ್ನುನ್ತ್ಸಿಯೊನದು, 1903ರಲ್ಲಿ ಬಂದ ‘ಅಲ್ಚಿಯೋನೆ’ ಸಂಕಲನದಿಂದ ಆಯ್ದದ್ದು. ಸೆಪ್ಟೆಂಬರ್ ಬಂದಿತು, ಹೊರಡೋಣ ಎಂದು ಅಬ್ರುತ್ಸೊ ಸೀಮೆಯ ಕುರುಬರು ಬೆಟ್ಟದಿಂದ ಕಡಲ ಕಡೆಗೆ ಮಂದೆ ಇಳಿಸುತ್ತಾರೆ. ಅವರು ನಡೆಯುವ ಪುರಾತನ ದಾರಿಗೆ ‘ತ್ರಾತ್ತೂರೊ’ ಎಂದು ಹೆಸರು, ಕವಿ ಅದನ್ನು ಹುಲ್ಲಿನ ಮೌನ ನದಿ ಎನ್ನುತ್ತಾನೆ. ಐದೈದು ಸಾಲಿನ ನಾಲ್ಕು ಚರಣ, ಕೊನೆಗೆ ಒಂಟಿಯಾಗಿ ನಿಲ್ಲುವ ಒಂದು ಸಾಲು: ನನ್ನ ಕುರುಬರ ಜೊತೆ ನಾನೇಕೆ ಇಲ್ಲ? ಅದೂ ಹನ್ನೊಂದು ಅಕ್ಷರಗಳ ಸಾಲುಗಳದೇ. ಪಿತ್ಸೆತ್ತಿ ಕಂಠವನ್ನು ಮಾತಿನ ಹತ್ತಿರ ಇಡುತ್ತಾನೆ, ಅಕ್ಷರಕ್ಕೊಂದು ನೋಟ್, ಪದದ ಪುನರಾವರ್ತನೆಯ ಹಂಗಿಲ್ಲ. ಹರಿಯುವ ಕೆಲಸವನ್ನು ಪಿಯಾನೊ ಮಾಡುತ್ತದೆ. ಮಂದೆ ನಡೆಯುತ್ತಲೇ ಇರುತ್ತದೆ, ಮಾತಾಡುವವನು ನಡುನಡುವೆ ನಿಲ್ಲಬಹುದು.

ಇದೇ ದನ್ನುನ್ತ್ಸಿಯೊನ ಪದ್ಯಗಳಿಗೆ ತೋಸ್ತಿ ಕೊಟ್ಟ ಸಂಗೀತವನ್ನು ಪಕ್ಕದಲ್ಲಿಟ್ಟು ಕೇಳಿದರೆ ಅಂತರ ತಿಳಿಯುತ್ತದೆ. ತೋಸ್ತಿ ಹುಟ್ಟಿದ್ದು 1846ರಲ್ಲಿ ಒರ್ತೋನಾದಲ್ಲಿ, ಕವಿ 1863ರಲ್ಲಿ ಪೆಸ್ಕಾರಾದಲ್ಲಿ. ಇಬ್ಬರೂ ಅದೇ ಅಬ್ರುತ್ಸೊ ಕರಾವಳಿಯವರು. 1907ರ ‘ಅಮರಾಂತಾಳ ನಾಲ್ಕು ಹಾಡುಗಳು’ ಅದ್ಭುತವಾಗಿವೆ, ಅದರಲ್ಲಿಯೂ ಬೆಳಗು ಬೆಳಕನ್ನು ನೆರಳಿನಿಂದ ಬೇರ್ಪಡಿಸುವ ಹಾಡು. ಆದರೆ ಅಲ್ಲಿ ರಾಜ್ಯ ಕಂಠದ್ದು, ರಾಗ ಕರೆದ ಕಡೆಗೆ ಪದ ಹೋಗುತ್ತದೆ. ಪಡಸಾಲೆಯಲ್ಲಿ ಹಾಡುವ ರೊಮಾಂಜಾದಿಂದ, ಕವಿತೆಯ ಓದನ್ನೇ ಸಂಗೀತವಾಗಿಸುವ ಲೀರಿಕಾಕ್ಕೆ ಇಟಲಿ ಹೊರಳಿದ್ದು ಈ ಒಂದೆರಡು ವರ್ಷಗಳ ಆಸುಪಾಸಿನಲ್ಲೇ ಎಂದು ನನಗನ್ನಿಸುತ್ತದೆ. ಪಿತ್ಸೆತ್ತಿ, ರೆಸ್ಪೀಗಿ, ಮಾಲಿಪಿಯೆರೊ, ಕಸೆಲ್ಲಾ ಎಲ್ಲರೂ 1880ರ ಹಿಂದುಮುಂದಿನ ನಾಲ್ಕೈದು ವರ್ಷಗಳಲ್ಲಿ ಹುಟ್ಟಿದವರು, ಒಪೆರಾದ ನೆರಳಿನಿಂದ ಹೊರಬರುವ ಹಟ ಅವರೆಲ್ಲರಿಗೂ ಇತ್ತು.

ಹಳೆಪುಟ

ಒಪ್ಪಿದೆ, ಒಂದು ತಕರಾರಿನೊಡನೆ. ತೋಸ್ತಿಯ ಪದ ರಾಗ ಕರೆದ ಕಡೆಗೆ ಹೋಗುತ್ತದೆ ಎಂದಿರಿ. ಹೋಗುತ್ತದೆ, ಆದರೆ ಒತ್ತು ತಪ್ಪದೆ ಹೋಗುತ್ತದೆ. ಅವನು ಜೀವಮಾನವಿಡೀ ಹಾಡು ಕಲಿಸಿದವನು. ಲಂಡನ್ನಿನ ರಾಜಮನೆತನಕ್ಕೂ ಗುರುವಾಗಿದ್ದವನು. ಅವನ ಸಾಲನ್ನು ತಪ್ಪು ಉಚ್ಚಾರದಲ್ಲಿ ಹಾಡುವುದೇ ಕಷ್ಟ.

ಇನ್ನೊಬ್ಬ ಓದುಗರು

ಚರ್ಚೆಗೆ ಅಡ್ಡಬಂದದ್ದಕ್ಕೆ ಕ್ಷಮೆಯಿರಲಿ, ಆದರೆ ಹೊಸ ಕವಿಗಳ ಕಡೆ ಕಣ್ಣು ಹಾಕುವವರು ಇದನ್ನು ಗಮನಿಸಬೇಕು. ಇಟಲಿಯಲ್ಲಿ ಹಕ್ಕುಸ್ವಾಮ್ಯ ಕವಿಯ ಮರಣದ ನಂತರ 70 ವರ್ಷ, ಭಾರತದಲ್ಲಿ 60 ವರ್ಷ. ಪೆತ್ರಾರ್ಕ, ಲೆಯೊಪಾರ್ದಿ ಎಲ್ಲರ ಸೊತ್ತು. 1938ರಲ್ಲಿ ತೀರಿಕೊಂಡ ದನ್ನುನ್ತ್ಸಿಯೊ ಕೂಡ ಈಗ ಮುಕ್ತ. 1968ರಲ್ಲಿ ತೀರಿಕೊಂಡ ಕ್ವಾಸಿಮೊದೊ, 1970ರಲ್ಲಿ ತೀರಿಕೊಂಡ ಉಂಗರೆತ್ತಿ, 1981ರಲ್ಲಿ ತೀರಿಕೊಂಡ ಮೊಂತಾಲೆ ಹಾಗಲ್ಲ. ಅವರ ಪದ್ಯಕ್ಕೆ ಸಂಗೀತ ಬರೆದು ಪ್ರಕಟಿಸಬೇಕೆಂದರೆ ಹಕ್ಕುದಾರರ ಒಪ್ಪಿಗೆ ಮೊದಲು, ಬಾರ್ ಗೆರೆ ಆಮೇಲೆ.

ಮಂದ್ರ

ಎಲ್ಲರಿಗೂ ಕೃತಜ್ಞತೆಗಳು. ‘ಇ ಪಾಸ್ತೋರಿ’ಯನ್ನು ವಾರವಿಡೀ ಕೇಳಿದೆ. ಪಿಯಾನೊ ನಡೆಯುತ್ತಿರಲಿ, ಕಂಠ ಮಾತಾಡಲಿ ಎಂಬುದು ಅರ್ಥವಾಯಿತು. ಆದರೆ ದನ್ನುನ್ತ್ಸಿಯೊನ ಸಾಲುಗಳಲ್ಲಿ ವಾಕ್ಯ ಮತ್ತು ಸಾಲು ಸಾಕಷ್ಟು ಸಲ ಒಟ್ಟಿಗೇ ನಿಲ್ಲುತ್ತವೆ, ಲೆಯೊಪಾರ್ದಿಯಲ್ಲಿ ನಿಲ್ಲುವುದೇ ಇಲ್ಲ. ‘ಇಂತೆರ್ಮಿನಾತಿ’ ಎಂದು ಸಾಲು ಮುಗಿಯುತ್ತದೆ, ‘ಸ್ಪಾತ್ಸಿ’ ಮುಂದಿನ ಸಾಲಿನಲ್ಲಿದೆ: ಕೊನೆಯಿಲ್ಲದ, ಸಾಲು ಮುರಿದು, ಬಯಲುಗಳು. ಸರಳ ರಗಳೆಯನ್ನು ಗಟ್ಟಿಯಾಗಿ ಓದಿದವರಿಗೆ ಸಾಲಿನಿಂದ ಸಾಲಿಗೆ ಹರಿಯುವ ಈ ನಡೆ ಹೊಸದಲ್ಲ, ಆದರೆ ಓದುವವನು ಕಣ್ಣಿನಲ್ಲಿ ಸಾಲಿನ ಅಂಚನ್ನು ನೋಡುತ್ತಿರುತ್ತಾನೆ. ಕೇಳುವವನಿಗೆ ಆ ಅಂಚು ಎಲ್ಲಿಂದ ಸಿಗಬೇಕು?

ಒತ್ತಕ್ಷರ

ಇದೇ ವಿಷಯವಾಗಿ ನಿನ್ನೆ ರಾತ್ರಿ ಪೆನ್ಸಿಲ್ ಹಿಡಿದು ಕುಳಿತಿದ್ದೆ. ಸಾಲಿನ ಒಳಗೆ ಬರುವ ವಿರಾಮಚಿಹ್ನೆಗಳನ್ನೆಲ್ಲ ಗುರುತು ಹಾಕಿ, ಅವುಗಳ ಹಿಂದುಮುಂದಿನ ಸ್ವರಗಳನ್ನು ನೋಡುತ್ತ ಹೋದೆ. ‘ಮಿರಾಂದೊ, ಇಂತೆರ್ಮಿನಾತಿ’: ಬೆಸುಗೆ. ‘ಕ್ವೆಲ್ಲಾ, ಎ’: ಬೆಸುಗೆ. ‘ಸಿಲೆನ್ತ್ಸಿ, ಎ’: ಬೆಸುಗೆ. ‘ಫಿಂಗೊ; ಓವೆ’: ಅರ್ಧವಿರಾಮದ ಮೇಲೂ ಬೆಸುಗೆ. ಆಮೇಲೆ ಮಂದ್ರ ಅವರ ‘ಸ್ಪಾಊರಾ. ಎ’. ಆಮೇಲೆ ‘ಪ್ಯಾಂತೆ, ಇಯೊ’, ‘ಕೊಂಪರಾಂದೊ: ಎ’, ‘ಸ್ತಜೋನಿ, ಎ’, ‘ವೀವಾ, ಎ’. ವಾಕ್ಯ ನಿಲ್ಲಬೇಕೆನ್ನುವ ಕಡೆಯಲ್ಲೆಲ್ಲ ಕವಿ ಸ್ವರಕ್ಕೆ ಸ್ವರ ಹೊಲಿದಿಟ್ಟಿದ್ದಾನೆ. ಸಾಲು ಮುಗಿಯುವ ಕಡೆ ಉಸಿರೆಳೆಯೋಣವೆಂದರೆ ಅಲ್ಲಿ ವಾಕ್ಯ ಬಿಡುವುದಿಲ್ಲ. ನಾಲ್ಕನೆಯ ಸಾಲಿನ ಆರಂಭದಿಂದ ಹನ್ನೊಂದನೆಯ ಸಾಲಿನ ಕೊನೆಯ ‘ಎತೆರ್ನೊ’ದವರೆಗೆ ಸಾಲೂ ವಾಕ್ಯವೂ ಒಟ್ಟಿಗೆ ಒಪ್ಪಿ ಬಿಡುವು ಕೊಡುವ ಒಂದೇ ಒಂದು ಜಾಗವಿಲ್ಲ. ಕೊನೆಯಿಲ್ಲದ ಬಯಲನ್ನು ಅವನು ಹೇಳಿದ್ದಲ್ಲದೆ ನಾಲಿಗೆಗೂ ಒಪ್ಪಿಸಿಬಿಟ್ಟಿದ್ದಾನೆ. ನಿಮ್ಮ ಗೆಳತಿಗೆ ಉಸಿರು ಸಿಗದಿರುವುದು ಕರಡಿನ ತಪ್ಪಲ್ಲ.

ಸಾಲಿನ ಒಳಗೆ ಹೊಲಿಗೆಯಿಲ್ಲದ ವಿರಾಮ ಇಡೀ ಕವಿತೆಯಲ್ಲಿ ಎರಡೇ. ಒಂದು, ಎರಡನೆಯ ಸಾಲಿನ ‘ಸಿಯೇಪೆ, ಕೆ’, ಅಂದರೆ ಬೇಲಿಯ ಹತ್ತಿರ. ಇನ್ನೊಂದು ಹದಿಮೂರನೆಯ ಸಾಲಿನಲ್ಲಿ: ‘ಲೇಯಿ. ಕೊಸೀ’, ಅಂದರೆ “…ಅದರ. ಹೀಗೆ…”.

ಕಡೆಯ ಸಾಲು

ಇದನ್ನು ನಾನು ಮೂವತ್ತು ವರ್ಷಗಳಿಂದ ಓದುತ್ತಿದ್ದೇನೆ, ಗಮನಿಸಿರಲಿಲ್ಲ. ಹಾಡುವವರು ಉಸಿರು ಹುಡುಕಿದ್ದರಿಂದ ಕಂಡ ಸಂಗತಿ ಇದು ಎಂಬುದನ್ನು ಒಪ್ಪಿಕೊಳ್ಳಬೇಕು. ಸಂಗೀತ ಬೇಡವೆಂದ ನನ್ನ ಮಾತನ್ನು ಪೂರ್ತಿ ಹಿಂತೆಗೆದುಕೊಳ್ಳುತ್ತಿಲ್ಲ, ಆದರೆ ಕರಡು ಸಿದ್ಧವಾದಾಗ ಕೇಳಲು ಬರುತ್ತೇನೆ.

ಕಪ್ಪುನಾಲ್ಕು

ಹಾಗಾದರೆ ಗಾಯಕಿ ಉಸಿರೆಳೆಯುವುದು ಸಾಲಿನ ಕೊನೆಗಳಲ್ಲಿ, ಕದ್ದು, ತೀರ ಸಣ್ಣದಾಗಿ. ಆ ಕ್ಷಣಗಳಲ್ಲಿ ಪಿಯಾನೊ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛ) ಬದಲಿಸಬಾರದು. ಕಿವಿಗೆ ವಾಕ್ಯ ಇನ್ನೂ ತೆರೆದಿದೆ ಎಂದು ತಿಳಿಯುತ್ತದೆ. ವಾಕ್ಯ ಮುಗಿಯುವ ಕಡೆ, ‘ರಾ-ಎ’ ಎಂಬಂಥ ಬೆಸುಗೆಗಳಲ್ಲಿ, ಕಂಠ ಒಂದೇ ನೋಟ್ ಹಿಡಿದಿರಲಿ, ಅದರ ಕೆಳಗೆ ಕಾರ್ಡ್ ಹೊರಳಲಿ. ಪೂರ್ಣವಿರಾಮವನ್ನು ನಾವು ನುಡಿಸುತ್ತೇವೆ, ಅವರು ಹಾಡುವುದು ಬೇಡ. ನಾದವನ್ನು ಉಳಿಸಿಡುವ ಪೆಡಲನ್ನು ಮಾತ್ರ ಕಾರ್ಡ್ ಜೊತೆಗೇ ಬದಲಿಸಿ, ಇಲ್ಲವಾದರೆ ಎಲ್ಲ ಮಂಜಾಗುತ್ತದೆ.

ಮಂದ್ರ

ಹಾಗೆಯೇ ತಿದ್ದಿ ಬರೆದು ನಿನ್ನೆ ಹಾಡಿಸಿದೆ. ಎಂಟನೆಯ ಸಾಲಿನ ಎರಡು ಬಾರ್ ಮಧ್ಯಂತರವನ್ನು ಹೊಡೆದುಹಾಕಿದ್ದೇನೆ. ‘ರಾ-ಎ’ಗೆ ಒಂದು ಅರ್ಧ ನೋಟ್, ಅದರ ನಡುವೆ ಪಿಯಾನೊದ ಎಡಗೈ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ. ‘ಇನ್ಫಿನೀತೊ’ ಈಗ ಕಂಠದ ಕೆಳಭಾಗದಲ್ಲಿದೆ, ‘ಕ್ವಿಯೇತೆ’ಗೆ ಮೂರು ನೋಟ್ ಬಂದಿವೆ. ‘ವೀವಾ, ಎ ಇಲ್’ ಇನ್ನೂ ಕಲಸಿದಂತೆಯೇ ಕೇಳುತ್ತದೆ. ಅದಕ್ಕೊಂದು ಚುಕ್ಕಿ ಸೇರಿಸಿ ಉದ್ದ ಮಾಡಿ ನೋಡಬೇಕು.

ಬೇಲಿಯ ಹತ್ತಿರದ ವಿರಾಮವನ್ನು ಹಾಡಿನ ಆರಂಭದಲ್ಲೇ ಬರುವ ಸಣ್ಣ ಉಸಿರಾಗಿ ಬಿಟ್ಟಿದ್ದೇನೆ. ಉಳಿದದ್ದು ‘ಲೇಯಿ. ಕೊಸೀ’. ಅಲ್ಲಿ ಪಿಯಾನೊವನ್ನೂ ನಿಲ್ಲಿಸಿದ್ದೇನೆ, ಪೆಡಲ್ ಕೂಡ ಎತ್ತಿ, ಪೂರ್ತಿ ಒಂದು ಬಾರ್. ಗೆಳತಿ ಅಲ್ಲಿ ಆರಾಮವಾಗಿ ಉಸಿರೆಳೆದುಕೊಂಡು, ನನ್ನ ಕಡೆ ನೋಡಿ, ‘ಕೊಸೀ’ ಎಂದು ಕೊನೆಯ ಎರಡೂವರೆ ಸಾಲನ್ನು ಹಾಡಿ ಮುಗಿಸಿದರು.